ಹದಿನೇಳನೇ ಪ್ರಶ್ನೆ

ಶಿಡ್ಲಘಟ್ಟದ ಗಾಳಿಗೆ ಬೆಂದ ಗೂಡಿನ ವಾಸನೆ.
ಮೊದಲ ದಿನ ಕರ್ಚೀಫು ಮೂಗಿಗೊತ್ತಿಕೊಂಡೇ
ಬಾಗಿಲು ತಟ್ಟಿದೆ.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಗುರುತಿನ ಚೀಟಿ ಕಾಣುವಂತಿರಲಿ, ನಗು ಹಿತಮಿತವಾಗಿರಲಿ,
ಪ್ರಶ್ನೆಯನ್ನು ಅಚ್ಚಾದಂತೆಯೇ ಓದಿ,
ಅಕ್ಷರ ಕದಲಿಸಬೇಡಿ.
ಹನ್ನೊಂದು ಪುಟ, ಅರವತ್ತೆರಡು ಪ್ರಶ್ನೆ,
ಮನೆಗೆ ನಲವತ್ತು ನಿಮಿಷ, ನನಗೆ ಮೂವತ್ತೈದು ರೂಪಾಯಿ.

ನಲವತ್ತು ನಿಮಿಷ ಆ ಬೀದಿಯಲ್ಲಿ ಯಾರ ಹತ್ತಿರ ಇತ್ತು?
ಎಲ್ಲರ ಮನೆಯಲ್ಲೂ ನೀರು ಕುದಿಯುತ್ತಿತ್ತು.
ರೇಷನ್ ಕಾರ್ಡು ಕಿತ್ತುಕೊಳ್ತಾರೆ ಅಂತ ಒಬ್ಬರು
ಇರುವ ಎಮ್ಮೆಯನ್ನು ಇಲ್ಲ ಅಂದರು.
ಸಾಲ ಮಂಜೂರಾಗಬಹುದು ಅಂತ ಇನ್ನೊಬ್ಬರು
ಇಲ್ಲದ ಎಮ್ಮೆಯನ್ನು ಇದೆ ಅಂದರು.
ಭಯವನ್ನೂ ಆಸೆಯನ್ನೂ
ಒಂದೇ ಅಳತೆಯ ಚೌಕದಲ್ಲಿ ತುಂಬುತ್ತ ನಡೆದೆ.

ಮಸೀದಿ ಹಿಂದಿನ ಸಂದಿಯ ಫರ್ಜಾನಾ ಬೀ
ಚರಕದ ಮುಂದೆ ಕೂತಿದ್ದಳು.
ಮೊಳಕೈವರೆಗೆ ಹಬೆ. ಬೆರಳ ತುದಿಗಳು
ನೆನೆದ ಕಡಲೆಯಂತೆ ಬಿಳಿಚಿ ಸುಕ್ಕಾಗಿದ್ದವು.
ತಿರುಗಿ ನೋಡಲಿಲ್ಲ. ನೋಡಿದರೆ ಎಳೆ ತಪ್ಪುತ್ತದೆ.

ಹದಿನೇಳನೇ ಪ್ರಶ್ನೆ: ನೀವು ಕೆಲಸ ಮಾಡುತ್ತೀರಾ?
ಹೌದು. ಇಲ್ಲ. ಅನ್ವಯಿಸುವುದಿಲ್ಲ.

"ಇಲ್ಲಮ್ಮ," ಅಂದಳು, "ಮನೇಲೇ ಇರ್ತೀನಿ."
ಎಳೆ ಕಡಿಯಿತು. ನೀರಲ್ಲಿ ಕೈಯಾಡಿಸಿ ಮತ್ತೆ ಹಿಡಿದಳು.
ನಾನು 'ಇಲ್ಲ'ಕ್ಕೆ ಟಿಕ್ಕು ಹಾಕಿದೆ.
ಪೆನ್ನಿಗೇನು, ಸಲೀಸಾಗಿ ಬರೆಯಿತು.

ಅವತ್ತು ಆ ಬೀದಿಯಲ್ಲಿ ಇಪ್ಪತ್ಮೂರು ಹೆಂಗಸರು
ಕೆಲಸ ಮಾಡುತ್ತಿರಲಿಲ್ಲ.
ಅವತ್ತು ಆ ಬೀದಿಯಿಂದ ಎಷ್ಟು ಕೇಜಿ ನೂಲು ಹೋಯಿತು,
ಕೇಳುವುದಕ್ಕೆ ನಮ್ಮಲ್ಲಿ ಪ್ರಶ್ನೆ ಇರಲಿಲ್ಲ.

ರಾತ್ರಿ ಸೂಪರ್‌ವೈಸರ್ ಅಶ್ವತ್ಥರೆಡ್ಡಿಗೆ ಫೋನು ಮಾಡಿದೆ.
ಪ್ರಶ್ನೆಯೇ ತಪ್ಪು ಸಾರ್, ಅಂದೆ.
"ಮೂರು ಸಾವಿರ ಪ್ರತಿ ಅಚ್ಚಾಗಿದೆ ತಾಯಿ," ಅಂದರು,
"ಇನ್ನು ಸರಿಯಾಗೇ ಇದೆ ಅನ್ಕೋ."

ಮರುದಿನ ಫಾರಮ್ಮು ಚೀಲದಲ್ಲೇ ಬಿಟ್ಟು
ಗೂಡಿನ ಬುಟ್ಟಿ ಮಗುಚಿ ಹಾಕಿಕೊಂಡು ಅವಳ ಪಕ್ಕ ಕೂತೆ.
ನಿನ್ನೆ ಎಷ್ಟೊತ್ತಿಗೆ ಎದ್ದಿರಿ?
ನಾಲ್ಕೂವರೆ. ಆಮೇಲೆ?
ಒಲೆ ಹಚ್ಚಿದೆ. ಆಮೇಲೆ?
ಗೂಡು ಬೇಯಿಸಿದೆ, ಅವರು ಮಾರ್ಕೆಟ್ಟಿಗೆ ಹೋದರು,
ನಾನು ಕೂತೆ. ಆಮೇಲೆ?
ಕೂತೇ ಇದ್ದೆ. ಮಗೂಗೆ ಎದ್ದು ಅನ್ನ ಹಾಕಿದೆ. ಕೂತೆ.
ಆಮೇಲೆ?
ಅವಳೇ ಎಣಿಸತೊಡಗಿದಳು, ಒದ್ದೆ ಬೆರಳು ಮಡಿಸುತ್ತ.
ಒಂದು ಕೈ ಸಾಲಲಿಲ್ಲ. ಎರಡೂ ಸಾಲಲಿಲ್ಲ.
ಚರಕ ತಾನಾಗಿ ಎರಡು ಸುತ್ತು ತಿರುಗಿ ನಿಂತಿತು.

ಆಗ ಮೊದಲ ಸಲ ನನ್ನ ಮುಖ ನೋಡಿ
ಅವಳೊಂದು ಪ್ರಶ್ನೆ ಹಾಕಿದಳು:
"ಹೋದ ಸಲ ಒಬ್ಬ ಬಂದಿದ್ದ, ಹಿಂಗೇ ಬರಕೊಂಡು ಹೋದ.
ಅದೇನಾಯ್ತು?"

ನನಗೆ ಗೊತ್ತಿಲ್ಲ, ಅಂದೆ.

ಅವಳು ನಕ್ಕಳು. ಗೋಡೆಯಾಚೆಗೆ ಕೂಗಿದಳು:
"ಪಿಳ್ಳಮ್ಮಾ, ಬಾರೇ ಇಲ್ಲಿ!
ಇವಳಿಗೆ ಗೊತ್ತಿಲ್ಲ ಅನ್ನೋಕೆ ಬರುತ್ತೆ."
ಪಿಳ್ಳಮ್ಮ ಸೆರಗಿಗೆ ಕೈಯೊರೆಸುತ್ತ ಬಂದಳು,
"ರಾಸ್ಕೋ ತಲ್ಲಿ, ಬರಕೋ," ಎರಡೂ ಭಾಷೆಯಲ್ಲಿ ಅಪ್ಪಣೆ ಮಾಡಿ
ಹೊಸ್ತಿಲ ಮೇಲೆ ಕೂತಳು.
ಸಂಜೆಯೊಳಗೆ ಹದಿನಾಲ್ಕು ಜನ.
ಚೌಕಗಳು ತುಂಬಿ ಅಂಚು ತುಂಬಿ
ಕೊನೆಗೆ ಹಾಳೆಯ ಬೆನ್ನ ಮೇಲೆಲ್ಲ ಬರೆದೆ.

ಚಿಕ್ಕಬಳ್ಳಾಪುರದ ಆಫೀಸಿನಿಂದ ಕಟ್ಟು ವಾಪಸು ಬಂತು:
ಅಂಚಿನ ಬರಹವನ್ನು ಕಂಪ್ಯೂಟರ್ ಓದುವುದಿಲ್ಲ.

ಓದುವವರಿಗೇ ಓದಿ ಹೇಳೋಣವೆಂದು
ದಪ್ಪಕ್ಷರದಲ್ಲಿ ಒಂದೇ ಹಾಳೆ ಮಾಡಿದೆ.
ಯಾವಾಗ ಬರಲಿ ಅಂತ ಫೋನಿನಲ್ಲಿ ಕೇಳಿದೆ.

"ಮೂರೂವರೆಗೆ ಬಾ, ಒಲೆ ಆರಿರ್ತದೆ," ಅಂದಳು ಫರ್ಜಾನಾ ಬೀ.
ಇಡುವ ಮುಂಚೆ, ತುಸು ತಡೆದು:
"ಆ ಕರ್ಚೀಫು ಮಾತ್ರ ತರಬೇಡ."